ಸೋಮವಾರದ ವಾಂತಿ

ಮನೆಯಲ್ಲಿ ಪಿಯುಸಿ ಓದುವ ಮಗುವಿದ್ದರೆ ಊರಿನವರೆಲ್ಲ ನಿಮ್ಮ ನೆಂಟರಾಗಿಬಿಡುತ್ತಾರೆ. ಬಾಳ್ಳುಪೇಟೆಯಲ್ಲಿ ಪಂಪ್‌ಸೆಟ್ಟು, ಸ್ಪ್ರಿಂಕ್ಲರ್ ಪೈಪು ಮಾರುವ ನನ್ನ ಅಂಗಡಿಗೆ ಒಂದು ವಾಷರ್ ಕೊಳ್ಳಲು ಬಂದವನೂ ಮೊದಲು ಕೇಳುವುದು, "ಮಗಳು ಎಷ್ಟು ತೆಗ್ದವ್ಳೆ?" ಎಂದೇ. ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತೊಂದು ಎಂದರೆ ತುಟಿ ಕೊಂಕಿಸಿ, "ಇನ್ನೊಂಚೂರು ಓದ್ಬೋದಿತ್ತು ಕಣ್ರೀ" ಎನ್ನುತ್ತಾನೆ. ಇಂಥವರ ಬಾಯಿ ಮುಚ್ಚಿಸಲೆಂದೇ ನಾನು ಮಗಳು ಚೈತ್ರಳನ್ನು ಗುಡ್ಡದ ಮೇಲಿನ ಆ ದೊಡ್ಡ ಕಾಲೇಜಿಗೆ ಸೇರಿಸಿದ್ದು. ವಾಷರ್ ಗಿರಾಕಿಯ ಮೆಚ್ಚುಗೆಗಾಗಿ ಮಗಳನ್ನು ಒತ್ತೆಯಿಟ್ಟ ಬುದ್ಧಿವಂತ ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ.

ಆ ಕಾಲೇಜಿನಲ್ಲಿ ಪ್ರತಿ ಸೋಮವಾರ ಟೆಸ್ಟು. ಮುಂದೆ ಬಂದವರ ಫೋಟೋ ಗೇಟಿನ ಫ್ಲೆಕ್ಸಿನಲ್ಲಿ. ಹಿಂದೆ ಬಿದ್ದವರ ಹೆಸರು ಪ್ರಾರ್ಥನೆಯ ಹೊತ್ತಿಗೆ ಮೈಕಿನಲ್ಲಿ. ದೇವರಿಗೂ ಗೊತ್ತಾಗಲಿ ಎಂದಿರಬೇಕು. ಕೆಲವು ತಿಂಗಳಲ್ಲಿ ಚೈತ್ರಳಿಗೆ ಸೋಮವಾರ ಬೆಳಿಗ್ಗೆ ವಾಂತಿ ಶುರುವಾಯಿತು. ನಮ್ಮ ಮನೆಯಲ್ಲಿ ವೈದ್ಯರಿಗೇನು ಬರವೇ? ಹೆಂಡತಿ ಲೀಲಾ ಜೀರಿಗೆ ಕಷಾಯ ಕುಡಿಸಿದಳು, ನಮ್ಮಮ್ಮ ದೃಷ್ಟಿ ತೆಗೆದರು, ನಾನು ತಪ್ಪನ್ನೆಲ್ಲ ಬೆಳಗಿನ ತಿಂಡಿಯ ಕಡುಬಿನ ಮೇಲೆ ಹೊರಿಸಿದೆ. ಕೊನೆಗೆ ಸಕಲೇಶಪುರದ ಡಾಕ್ಟರು ಅವಳನ್ನು ಕೇಳಿದ್ದು ಒಂದೇ ಮಾತು. "ಭಾನುವಾರ ಆಗುತ್ತೇನಮ್ಮಾ?"

"ಇಲ್ಲ ಸಾರ್."

"ಹಂಗಾದ್ರೆ ಇದು ಹೊಟ್ಟೆ ಕಾಯಿಲೆ ಅಲ್ಲ, ಕಾಲೇಜಿನ ಕಾಯಿಲೆ," ಎಂದು ನನ್ನ ಕಡೆ ತಿರುಗಿದರು. "ಮಾತ್ರೆ ಬರೀಬೇಕಾಗಿರೋದು ಅವರಿಗೆ ಕಣ್ರೀ."

ಪ್ರಿನ್ಸಿಪಾಲರ ಬಳಿ ಹೋದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಪ್ರೆಶರ್ ಇಲ್ದೆ ಮಕ್ಕಳು ಮುಂದೆ ಬರ್ತಾರೇನ್ರೀ?" ಎಂದರು. ಪೈಪು ಮಾರುವ ನನಗೆ ಪ್ರೆಶರಿನ ಪಾಠ! ಪೈಪಿನ ಮೇಲಾದರೂ ಎಷ್ಟು ತಡೆಯುತ್ತದೆಂದು ಅಚ್ಚು ಹಾಕಿರುತ್ತಾರೆ ಸಾರ್, ಎಂದೆ. ಅವರಿಗೆ ಏನನ್ನಿಸಿತೋ, ಒಂದು 'ಒತ್ತಡ ನಿವಾರಣಾ ಶಿಬಿರ' ಏರ್ಪಡಿಸಿಯೇ ಬಿಟ್ಟರು. ಅದೂ ಭಾನುವಾರ, ಯೂನಿಫಾರ್ಮಿನಲ್ಲಿ, ಬಾರದವರಿಗೆ ದಂಡ. ಹೊರಗಿನಿಂದ ಬಂದ ಭಾಷಣಕಾರ ಮಧ್ಯಾಹ್ನದವರೆಗೂ "ರಿಲ್ಯಾಕ್ಸ್ ಆಗಿ!" ಎಂದು ಕಿರುಚಿದನಂತೆ, ಅವನ ಜೋಕಿಗೆ ನಗದ ಮಕ್ಕಳನ್ನು ಎದ್ದು ನಿಲ್ಲಿಸಿದನಂತೆ. ಅಷ್ಟು ಮಕ್ಕಳು ಒಟ್ಟಿಗೆ ಕೈಗೆ ಸಿಕ್ಕಿರುವಾಗ ಬಿಡುವುದುಂಟೆ? ಕೊನೆಗೆ ಶಿಬಿರದ ಮೇಲೂ ಒಂದು ಟೆಸ್ಟು. ಒತ್ತಡ ನಿವಾರಣೆಯಲ್ಲಿ ನನ್ನ ಮಗಳು ಕಾಲೇಜಿಗೇ ಫಸ್ಟು! ಮಾರನೆಯ ದಿನ ಗೇಟಿನ ಮೇಲೆ ಅವಳ ಫೋಟೋ ನಗುತ್ತಿತ್ತು. ಗೇಟಿನೊಳಗೆ ಅವಳು ವಾಂತಿ ಮಾಡಿಕೊಳ್ಳುತ್ತಿದ್ದಳು.

ಕರೆದುಕೊಂಡು ಹೋಗಿ ಎಂದು ಫೋನು ಬಂತು. ಜೀಪಿನಲ್ಲಿ ಬರುವಾಗ ಚೈತ್ರ ಕಿಟಕಿಯಾಚೆ ನೋಡುತ್ತ ಹೇಳಿದಳು, "ಅಪ್ಪಾಜಿ, ಮೊದ್ಲು ಕಾಲೇಜು ಬಸ್ಸು ಕೆಟ್ಟು ನಿಲ್ಲಲಿ ಅಂತ ಬೇಡ್ಕೊಳ್ತಿದ್ದೆ."

"ಈಗ?"

"ಈಗ ಪಲ್ಟಿ ಆಗ್ಲಿ ಅನ್ಸುತ್ತೆ."

ನಾಳೆ ಮಳೆ ಬರಬಹುದು ಎನ್ನುವಷ್ಟು ಸಲೀಸಾಗಿ ಅಂದಳು. ನಾನು ಜೀಪನ್ನು ಹೆದ್ದಾರಿಯ ಪಕ್ಕಕ್ಕೆ ಹಾಕಿದೆ. ಲಾರಿಗಳು ಹಾದಾಗಲೆಲ್ಲ ಜೀಪು ಅಲುಗುತ್ತಿತ್ತು. ಗಿರಾಕಿಗಳ ಎದುರು ಎಂದೂ ಮಾತಿಗೆ ತಡವರಿಸದ ನನ್ನ ಬಾಯಿಂದ ಹೊರಟದ್ದು ಇಷ್ಟೇ: "ನಾಳೆಯಿಂದ ಆ ಬಸ್ ಹತ್ತಬ್ಯಾಡ ಕಣವ್ವ."

"ನಿಜ್ವಾಗ್ಲೂ?" ಎಂದಳು. ಮನೆ ಬರುವವರೆಗೂ ಮತ್ತೆ ಮತ್ತೆ ಅದನ್ನೇ ಕೇಳಿದಳು.

ಟಿಸಿ ಕೇಳಲು ಹೋದಾಗ ಪ್ರಿನ್ಸಿಪಾಲರು, "ಫಸ್ಟ್ ಬಂದೋಳನ್ನ ಯಾರಾದ್ರೂ ಬಿಡಿಸ್ತಾರೇನ್ರೀ?" ಎಂದು ಮರುಗಿದರು. ಮರುಕವೆಲ್ಲ ಫ್ಲೆಕ್ಸಿನ ಮೇಲೆ.

ಈಗ ಚೈತ್ರ ಆಲೂರಿನ ಸರ್ಕಾರಿ ಕಾಲೇಜಿಗೆ ಹೋಗುತ್ತಾಳೆ. ಡಾಕ್ಟರು ಹೇಳಿದ್ದಕ್ಕೆ ಹಾಸನದ ಆಪ್ತ ಸಮಾಲೋಚಕಿಯೊಬ್ಬರನ್ನು ಆಗಾಗ ಕಂಡು ಮಾತಾಡಿ ಬರುತ್ತಾಳೆ. ಒಮ್ಮೊಮ್ಮೆ ಇನ್ನೂ ಬೆಚ್ಚಿ ಏಳುತ್ತಾಳೆ. ಆದರೆ ತಿಂದದ್ದು ದಕ್ಕುತ್ತಿದೆ. ಮೊನ್ನೆ ಊಟಕ್ಕೆ ಕೂತಾಗ, ಲೀಲಾ ಬೇಡವೆಂದು ಕಣ್ಣು ಬಿಡುತ್ತಿದ್ದರೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಟೆಸ್ಟಲ್ಲಿ ಎಷ್ಟು ಬಂತವ್ವ?"

"ಅರವತ್ತೆಂಟು," ಎಂದು ಅವಳು ಇನ್ನಷ್ಟು ಸಾರು ಬಡಿಸಿಕೊಂಡಳು. ನನ್ನ ಮುಖ ನೋಡಿ, "ಆ ಕಾಲೇಜಲ್ಲಿ ನನ್ ಸೀಟು ಖಾಲಿ ಐತಲ್ಲ ಅಪ್ಪಾಜಿ, ನೀವೇ ಹೋಗಿ ಸೇರ್ಕೊಳಿ," ಎಂದಳು. ಲೀಲಾ ಬಿದ್ದು ಬಿದ್ದು ನಕ್ಕಳು.

ಸೇರಬಹುದಿತ್ತು. ಆದರೆ ಅಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡದೆ ಯಾರನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದರಲ್ಲಿ ನನಗೆಷ್ಟು ಬಂದಿತ್ತು ಎಂದು ಮಾತ್ರ, ದಯವಿಟ್ಟು, ಯಾರೂ ಕೇಳಬೇಡಿ.