ಕೈ ಹಿಂದೆ ಕಟ್ಟಿಕೊಂಡವರ ಭಾನುವಾರ

ಲಿನಕ್ಸ್ ಹಾಕಿಕೊಂಡವರ ಮನೆಯಲ್ಲಿ ಇಂಥ ತಮಾಷೆಗಳು ನಡೆಯುತ್ತಲೇ ಇರುತ್ತವೆ ಅಂತ ಶುರುಮಾಡೋಣ ಅಂದುಕೊಂಡಿದ್ದೆ. ಆದರೆ ನಿಜ ಹೇಳಬೇಕಲ್ಲ, ಈಚೆಗೆ ನಡೆಯುತ್ತಿಲ್ಲ. ಈಗ ಯಾವ ಕಂಪ್ಯೂಟರಿಗೆ ಹಾಕಿದರೂ ಅದು ಮರುಮಾತಿಲ್ಲದೆ ಕೆಲಸ ಮಾಡುತ್ತದೆ. ಇದಕ್ಕಿಂತ ದೊಡ್ಡ ತೊಂದರೆಯನ್ನು ನಾನು ಕಂಡಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಲಿನಕ್ಸ್ ಎಂದರೆ ಕಂಪ್ಯೂಟರ್ ನಡೆಸುವುದಕ್ಕಿರುವ ಒಂದು ಪುಕ್ಕಟೆ ಏರ್ಪಾಡು. ನಮಗೆ ಅದನ್ನು ಯಾರೂ ಮಾರಿರಲಿಲ್ಲ, ಹಾಗಾಗಿ ಕೆಟ್ಟರೆ ಯಾರ ಮೇಲೂ ಎಗರಾಡುವ ಹಾಗಿರಲಿಲ್ಲ. ಒಬ್ಬರನ್ನೊಬ್ಬರು ಕೇಳಿಕೊಂಡೇ ಬದುಕಬೇಕಿತ್ತು. ಹಾಗೆ ಬದುಕಿದವರು ನಾವು ನಾಲ್ಕು ಜನ. ತಮಿಳುನಾಡು ಗಡಿಯ ತಳಿ ಎಂಬ ಊರಿನಲ್ಲಿರುವ ನಿವೃತ್ತ ಮೇಷ್ಟ್ರು, ಅಲ್ಲೇ ಹತ್ತಿರದ ಹೊಸೂರಿನಲ್ಲಿ ಮದುವೆ ಕಾರ್ಡು ಅಚ್ಚುಹಾಕುವ ಪ್ರೆಸ್ಸಿನವರು, ಜವಳಗಿರಿ ಹತ್ತಿರ ಗುಲಾಬಿ ಬೆಳೆಯುವ ಹೂವಿನವನು, ಮತ್ತು ಕೋಲಾರದ ಕಡೆಯಿಂದ ಫ್ಯಾಕ್ಟರಿ ಕೆಲಸಕ್ಕೆಂದು ಬಂದು ಹೊಸೂರಿನ ಆಲಸನತ್ತಂನಲ್ಲಿ ಬೇರುಬಿಟ್ಟ ನಾನು. ಫ್ಯಾಕ್ಟರಿಯಲ್ಲಿ ನನ್ನದು ಮೇಂಟೆನೆನ್ಸ್. ಕೆಟ್ಟದ್ದನ್ನು ಸರಿಮಾಡುವುದು ನನ್ನ ಹೊಟ್ಟೆಪಾಡು, ಸರಿಯಿದ್ದದ್ದನ್ನು ಕೆಡಿಸುವುದು ನನ್ನ ಹವ್ಯಾಸ ಎಂದು ಮಿಕ್ಕ ಮೂವರೂ ಹೇಳುತ್ತಾರೆ. ಹದಿನೈದು ವರ್ಷ ಪ್ರತಿ ಭಾನುವಾರ ಬೆಳಿಗ್ಗೆ ಪ್ರೆಸ್ಸಿನ ಹಿಂದಿನ ರೂಮಿನಲ್ಲಿ ಸೇರುತ್ತಿದ್ದೆವು.

ಅಮ್ಮನ ಸಿನಿಮಾ

ನಾನು ಮೊದಲ ಸಲ ಲಿನಕ್ಸ್ ಹಾಕಿದಾಗ ಚಿತ್ರ ಬಂತು, ಬಣ್ಣ ಬಂತು, ದನಿ ಮಾತ್ರ ಬರಲಿಲ್ಲ. ಎಂಟು ತಿಂಗಳು ಬರಲಿಲ್ಲ. ಯಾರು ಯಾರೋ ಹೇಳಿದ್ದನ್ನೆಲ್ಲ ಮಾಡಿದೆ. ಹನ್ನೊಂದು ಸಲ ಪೂರ್ತಿ ಅಳಿಸಿ ಮತ್ತೆ ಹಾಕಿದೆ.

ಆಗ ನಮ್ಮಮ್ಮ ಊರಿಂದ ಬಂದು ನಮ್ಮ ಜೊತೆಗಿದ್ದಳು. ಸಂಜೆ ಸಿನಿಮಾ ಹಾಕಿದರೆ ಪರದೆ ಮೇಲಿನವರು ಬಾಯಿ ಆಡಿಸುತ್ತಿದ್ದರು, ಅಮ್ಮ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಮಾತು ತಾನೇ ಸೇರಿಸುತ್ತಿದ್ದಳು. "ನೋಡು, ಇವ್ಳು ಅತ್ತೆ ಮೇಲೆ ಚಾಡಿ ಹೇಳ್ತಾವ್ಳೆ. ಅವ್ನು ನಂಗೊತ್ತಿಲ್ಲ ಹೋಗೇ ಅಂದ." ಮಕ್ಕಳೂ ಬಂದು ಕೂರುತ್ತಿದ್ದರು. ಎಂಟು ತಿಂಗಳು ನಮ್ಮ ಮನೆ ಸಿನಿಮಾಗಳೆಲ್ಲ ಹೀಗೇ ನಡೆದವು.

ಒಂದು ದಿನ ಪ್ರೆಸ್ಸಿನವರು ಮೇಷ್ಟ್ರನ್ನು ಮನೆಗೆ ಕರೆತಂದರು. ನನಗೆ ಅವರ ಮೊದಲ ಪರಿಚಯ ಅದೇ. ಅವರು ಎರಡೂ ಕೈ ಹಿಂದೆ ಕಟ್ಟಿಕೊಂಡು, ಕ್ಲಾಸಿನಲ್ಲಿ ಹುಡುಗರ ಲೆಕ್ಕ ನೋಡುವ ಹಾಗೆ ಬಗ್ಗಿ ನೋಡಿದರು. ಪರದೆಯ ಮೇಲೆ ದನಿ ಏರಿಸಿ ಇಳಿಸುವ ಪಟ್ಟಿಯಲ್ಲಿ ಒಂದು ಕಂಬ ಮ್ಯೂಟ್ ಆಗಿ ಬಾಯಿ ಮುಚ್ಚಿತ್ತು. "ಅದ್ರ ಮೇಲ್ ನಿಂತು ಎಂ ಒತ್ತಪ್ಪ" ಅಂದರು. ಒತ್ತಿದೆ. ಮನೆಯೆಲ್ಲ ಹಾಡು.

ನನಗೆ ಕಣ್ಣಲ್ಲಿ ನೀರೇ ಬಂತು. ಅಮ್ಮ ಹತ್ತು ನಿಮಿಷ ಸುಮ್ಮನೆ ಕೇಳಿದಳು. ಆಮೇಲೆ ಅಂದಳು, "ಆಫ್ ಮಾಡ್ ಕಣ್ಲಾ ಅದ್ನ. ನಾನ್ ಹೇಳ್ತಿದ್ ಕತೇನೇ ಚೆನ್ನಾಗಿತ್ತು."

ಮುಟ್ಟಬಾರದು

ಮುಂಚೆ ಮೇಷ್ಟ್ರನ್ನು ಬಿಟ್ಟರೆ ನಮ್ಮಲ್ಲಿ ಯಾರಿಗೂ ಈ ಕೈ ಹಿಂದೆ ಕಟ್ಟುವ ಪದ್ಧತಿ ಇರಲಿಲ್ಲ. ಅದು ಎಲ್ಲರಿಗೂ ಬಂದದ್ದು ನನ್ನಿಂದ.

ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ಒಂದು ಲಗ್ನದ ಕಾಲದಲ್ಲಿ ತಮಿಳು ಅಕ್ಷರವೆಲ್ಲ ಹೋಗಿ ಬರೀ ಚೌಕಗಳು ಬರತೊಡಗಿದವು. ನಾನು ಕುರ್ಚಿ ಎಳೆದುಕೊಂಡು ಕೂತು ಟಪಟಪ ಒತ್ತಿದೆ. ತಮಿಳು ಬಂತು, ಕನ್ನಡ ಚೌಕವಾಯಿತು. ಮತ್ತೆ ಒತ್ತಿದೆ. ಕನ್ನಡ ಬಂತು, ತೆಲುಗು ಹೋಯಿತು. ಏನು ಒತ್ತಿದೆ ಅಂತ ಕೇಳಿದರೆ ನನಗೂ ನೆನಪಿಲ್ಲ.

ಪ್ರೆಸ್ಸಿನವರು ತಲೆ ಮೇಲೆ ಕೈಹೊತ್ತರು. "ಅಲ್ಲ ಸಾಮಿ, ಗಂಡಿನ ಕಡೆಯೋರು ಕನ್ನಡ, ಹೆಣ್ಣಿನ ಕಡೆಯೋರು ತೆಲುಗು, ಕರೆಯೋ ಊರೆಲ್ಲ ತಮಿಳು. ಈಗ ಈ ಮದ್ವೇಲಿ ಯಾರ್ನ ಬಿಡ್ಲಿ ಹೇಳಿ."

ಅವತ್ತೇ ಮೇಷ್ಟ್ರು ಕಾನೂನು ಮಾಡಿದರು. ಬುದ್ಧಿ ಹೇಳುವವನ ಕೈ ಬೆನ್ನ ಹಿಂದೆ ಇರಬೇಕು. ಒತ್ತುವವನು ಕಂಪ್ಯೂಟರಿನ ಯಜಮಾನ ಒಬ್ಬನೇ. "ನೀನ್ ಒತ್ತಿದ್ರೆ ವಿದ್ಯೆ ನಿಂಗೆ ಬರುತ್ತೆ. ಅವ್ರು ಒತ್ತಿದ್ರೆ ಅವ್ರಿಗೆ ಬರುತ್ತೆ" ಅಂದರು. ಮುಟ್ಟಿದವನು ಎಲ್ಲರಿಗೂ ಬೋಂಡ ತರಬೇಕು.

ನಾನು ಎಷ್ಟು ಸಲ ತಂದೆ ಅಂತ ಎಣಿಸಲಿಲ್ಲ. ಪ್ರೆಸ್ಸಿನ ಎದುರು ಬೋಂಡ ಹಾಕುವ ಅಕ್ಕ ಮಾತ್ರ ನಾನು ರಸ್ತೆ ದಾಟುವುದನ್ನು ಕಂಡ ಕೂಡಲೇ ಎಣ್ಣೆಗೆ ಹಿಟ್ಟು ಬಿಡುತ್ತಾ ಕೇಳುತ್ತಿದ್ದಳು, "ಇವತ್ತೂ ಮುಟ್ಬುಟ್ರಾ?"

ಇವತ್ತೇನು ಕಮ್ಮಿ ಬಿತ್ತು

ಮೇಷ್ಟ್ರಿಗೂ ಕಷ್ಟ ಬರಲಿಲ್ಲ ಅಂತಲ್ಲ. ಅವರ ಹಳೇ ಲ್ಯಾಪ್‌ಟಾಪಿನಲ್ಲಿ ವೈಫೈ ಹಿಡಿಯುತ್ತಿರಲಿಲ್ಲ. ಅದಕ್ಕೆ ಡ್ರೈವರ್ ಎನ್ನುವ ಒಂದು ಸಣ್ಣ ಪ್ರೋಗ್ರಾಂ ಬೇಕು. ಆ ಡ್ರೈವರ್ ಸಿಗುವುದು ಇಂಟರ್ನೆಟ್ಟಿನಲ್ಲಿ. ಆಗ ತಳಿಯಲ್ಲಿ ಅವರಿಗೆ ಇಂಟರ್ನೆಟ್ ಇಲ್ಲ. ಸರಿ, ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿ ಹೊಸೂರಿಗೆ ಬಂದರು. ಬ್ರೌಸಿಂಗ್ ಸೆಂಟರಿನಲ್ಲಿ ಇಳಿಸಿಕೊಂಡು ಮನೆಗೆ ಹೋಗಿ ಹಾಕಿದರೆ, ಇದಕ್ಕೆ ಇನ್ನೊಂದು ತುಂಡು ಬೇಕು ಅಂತು ಕಂಪ್ಯೂಟರ್. ಮಾರನೇ ದಿನ ಆ ತುಂಡಿಗೆ ಬಂದರು. ಆ ತುಂಡಿಗೆ ಇನ್ನೊಂದು ತುಂಡು ಬೇಕಿತ್ತು.

ಮೂರನೇ ಸಲಕ್ಕೆ ಕಂಡಕ್ಟರೇ ತಮಿಳು ಬೆರೆಸಿ ಕೇಳತೊಡಗಿದ. "ಎನ್ನ ಮೇಷ್ಟ್ರೆ, ಇವತ್ತೇನು ಕಮ್ಮಿ ಬಿತ್ತು?" ಬಸ್ಸಿನಲ್ಲಿ ಕೋಸು, ಬೀನ್ಸ್ ಮೂಟೆ ಇಟ್ಟುಕೊಂಡು ಮಾರ್ಕೆಟ್ಟಿಗೆ ಹೊರಟವರೂ ಕಿವಿ ನಿಮಿರಿಸುತ್ತಿದ್ದರು. ಒಬ್ಬ ಮುದುಕ, "ಒಂದೇ ಸಲ ಪಟ್ಟಿ ಬರ್ಕೊಂಬರಬಾರ್ದಾ ಸಾಮಿ, ದಿನಸಿಗೆ ಬರ್ಕಳಲ್ವಾ ಹಂಗೆ" ಅಂತ ನೊಂದುಕೊಂಡನಂತೆ.

ಆರನೇ ಸಲಕ್ಕೆ ಎಲ್ಲ ತುಂಡೂ ಸೇರಿ ವೈಫೈ ಕಣ್ಣುಬಿಟ್ಟಿತು. ಸುತ್ತ ಹುಡುಕಿತು. ತುಂಬ ಹೊತ್ತು ಹುಡುಕಿತು. ಅವರ ಬೀದಿಯಲ್ಲಿ ವೈಫೈ ಇದ್ದ ಮನೆ ಒಂದೂ ಇರಲಿಲ್ಲ.

ಮೇಷ್ಟ್ರೇ ಭಾನುವಾರ ಬಂದು ಇದನ್ನು ಹೇಳಿದರು. ನಾವು ಮೂವರೂ ಮರುಗಿದೆವು. ಅವರು ಮಾತ್ರ ಬೋಂಡ ಮುರಿಯುತ್ತಾ ಅಂದರು, "ಇಲ್ಲ ಅನ್ನೋದಾದ್ರೂ ಖಾತ್ರಿ ಆಯ್ತಲ್ಲ."

ಕಾವಿಗೆ ಕೂತದ್ದು

ಹೂವಿನವನು ದಿನಾ ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ಹೂವಿನ ರೇಟು ನೋಡುತ್ತಾನೆ. ಒಂದು ದಿನ ನನಗೆ ಫೋನ್ ಮಾಡಿದ. "ಅಣ್ಣ, ಬಾಣದ ಗುರ್ತು ತಂತಾನೇ ಓಡ್ತೈತೆ. ನಾನ್ ಮುಟ್ಟಿಲ್ಲ. ಇಲ್ಲಿಂದ ಅಲ್ಲಿಗೋಯ್ತದೆ, ನಿಂತ್ಕಂತದೆ, ತಿರ್ಗಾ ಓಡ್ತದೆ."

ಫೋನಿನಲ್ಲಾದರೆ ಕೈ ಹಿಂದೆ ಕಟ್ಟುವ ಪ್ರಶ್ನೆಯೇ ಇಲ್ಲ. ನಾನು ಮನಸಾರೆ ಬುದ್ಧಿ ಹೇಳಿದೆ. ಪೂರ್ತಿ ಅಳಿಸಿ ಹಾಕು ಅಂದೆ. ಹಾಕಿದ. ಓಡಿತು. ಇನ್ನೊಂದು ಸಲ ಹಾಕಿಸಿದೆ. ಮೂರನೇ ಸಲವೂ ಹಾಕಿಸಿದೆ. ಅವನು ಕೂಡಿಟ್ಟಿದ್ದ ತೋಟದ ಫೋಟೋಗಳು ಹೋದವು, ಬಾಣ ಓಡುವುದು ಹೋಗಲಿಲ್ಲ.

ಮೇಷ್ಟ್ರು ಅವನಿಗೆ ಒಂದು ನೋಟ್‌ಬುಕ್ ಇಡಲು ಹೇಳಿದರು. ಯಾವಾಗ ಓಡುತ್ತೆ, ಎಷ್ಟು ಹೊತ್ತು ಓಡುತ್ತೆ ಬರೆಯಬೇಕು. ಅದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಲಿನಕ್ಸ್ ಬಳಸುವವರ ವೇದಿಕೆಗೆ ಹಾಕಿದೆವು. ಯಾವ ಯಾವ ದೇಶದವರೋ ಉತ್ತರ ಬರೆದರು. ಇಂಥ ವಿವರ ಕಳಿಸಿ, ಅಂಥ ವಿವರ ಕಳಿಸಿ ಎಂದರು. ಎರಡು ವಾರ ಕಳಿಸಿದ್ದೇ ಕಳಿಸಿದ್ದು.

ಒಂದು ಬೆಳಿಗ್ಗೆ ಹೂವಿನವನ ತಾಯಿ ರೂಮಿನ ಮೂಲೆಯಲ್ಲಿದ್ದ ಕೋಳಿ ಬುಟ್ಟಿಯ ಹತ್ತಿರದಿಂದ ಎದ್ದುಬಂದರು. ಮರಿಗಳೆಲ್ಲ ಹೊರಗೆ ಬಂದಿದ್ದವು. ಆ ತಾಯಿಗೆ ಕಣ್ಣು ಮಂಜು. ಮಗನ ಕೈಗೆ ಒಂದನ್ನು ಕೊಟ್ಟು, "ಇದೊಂದ್ ಮೊಟ್ಟೆ ಒಡೀಲೇ ಇಲ್ಲ ಕಣ್ಲಾ. ಬಲೇ ಗಟ್ಟಿ ಐತೆ" ಅಂದರು.

ಅದು ಅವನು ಎಲ್ಲೋ ಕಳೆದುಕೊಂಡೆ ಅಂತಿದ್ದ ಬಿಳಿ ಮೌಸು. ವೈರಿಲ್ಲದ್ದು. ಅದರ ಸನ್ನೆ ಹಿಡಿಯುವ ಚೂರು ಇನ್ನೂ ಲ್ಯಾಪ್‌ಟಾಪಿನ ಹಿಂದೆ ಸಿಕ್ಕಿಕೊಂಡೇ ಇತ್ತು. ಮೂರು ವಾರ ಕೋಳಿ ಅದನ್ನು ಮೊಟ್ಟೆಗಳ ಜೊತೆ ಮುತುವರ್ಜಿಯಿಂದ ಹೊರಳಿಸಿ ಕಾವು ಕೊಟ್ಟಿತ್ತು. ಹೊರಳಿಸಿದಾಗಲೆಲ್ಲ ಇಲ್ಲಿ ಬಾಣ ಓಡುತ್ತಿತ್ತು.

ಉತ್ತರ ಕೊಟ್ಟವರಿಗೆ ಪರಿಹಾರ ತಿಳಿಸುವುದು ಮರ್ಯಾದೆ ಎಂದರು ಮೇಷ್ಟ್ರು. ಕೋಳಿ ಎದ್ದಿತು, ತೊಂದರೆ ತೀರಿತು ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಹಾಕಿದರು. ಮಾರನೇ ದಿನ ಯಾರೋ ಒಬ್ಬ ಕೇಳಿದ್ದ, "ಕೋಳಿಯ ಯಾವ ಆವೃತ್ತಿ?"

ಎಂಟು ಸೆಕೆಂಡು

ಇವೆಲ್ಲ ಹಳೇ ಮಾತು. ಮೇಷ್ಟ್ರ ಮಗಳು ಅವರಿಗೆ ಹೊಸ ಕಂಪ್ಯೂಟರ್ ಕೊಡಿಸಿದಳು. ಲಿನಕ್ಸ್ ಹಾಕಿದರೆ ದನಿ, ವೈಫೈ, ಪ್ರಿಂಟರ್ ಎಲ್ಲ ತಾವಾಗಿ ಬಂದವು. ಪ್ರೆಸ್ಸಿನಲ್ಲಿ ಮೂರು ಭಾಷೆಯೂ ಜಗಳವಿಲ್ಲದೆ ಇವೆ. ಮೇಷ್ಟ್ರ ಮಂಡಿಗೆ ಬಸ್ಸಿನ ಮೆಟ್ಟಿಲು ಕಷ್ಟ, ಕೆಲಸವಿಲ್ಲದೆ ಯಾಕೆ ಹತ್ತಬೇಕು. ಹೂವಿನವನು ದಿನಾ ಬೆಳಿಗ್ಗೆ ಫೋನಿಗೆ ಒಂದು ಗುಲಾಬಿ ಚಿತ್ರ ಕಳಿಸುತ್ತಾನೆ, ಅಷ್ಟೇ.

ಒಂದು ಭಾನುವಾರ ತಡೆಯಲಾರದೆ ಪ್ರೆಸ್ಸಿಗೆ ಹೋದೆ. ಹಿಂದಿನ ರೂಮಿನಲ್ಲಿ ನಾವಿಬ್ಬರೇ. ಮಾತಿಗೆ ಏನೂ ಸಿಗಲಿಲ್ಲ. ಪ್ರೆಸ್ಸಿನವರು ನನ್ನ ಮುಖ ನೋಡಲಾರದೆ, "ಒಂದ್ಸಲ ಆಫ್ ಮಾಡಿ ಆನ್ ಮಾಡ್ಲಾ?" ಅಂದರು. ಮಾಡಿ ಅಂದೆ. ಮುಂಚೆ ಅದು ಏಳುವಷ್ಟರಲ್ಲಿ ಒಂದು ಟೀ ಮುಗಿಯುತ್ತಿತ್ತು. ಈಗ ಎಂಟು ಸೆಕೆಂಡಿನಲ್ಲಿ ಎದ್ದು ಕೂತಿತು. ಇಬ್ಬರಿಗೂ ಬೇಜಾರಾಯಿತು.

ಹೀಗೇ ಬಿಟ್ಟರೆ ಇನ್ನು ನಾವು ನಾಲ್ವರು ಒಬ್ಬರ ಮುಖ ಒಬ್ಬರು ನೋಡುವುದು ಯಾರದಾದರೂ ಮದುವೆಯಲ್ಲೋ ಮಣ್ಣಿನಲ್ಲೋ ಅನ್ನಿಸಿತು. ಅವತ್ತು ನಾನು ಏನನ್ನೂ ಮುಟ್ಟಿರಲಿಲ್ಲ. ಆದರೂ ಎದುರಿನ ಅಕ್ಕನ ಹತ್ತಿರ ಹೋಗಿ ಬೋಂಡ ತಂದೆ.

ಹಿತ್ಕಿದ ಬೇಳೆ

ಮೊನ್ನೆ ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಮೇಷ್ಟ್ರ ಫೋನ್ ಬಂತು. "ಎದ್ದಿದೀಯೇನಯ್ಯಾ? ಕಂಪ್ಯೂಟರ್ ಕೆಟ್ಟೋಯ್ತು. ಪರದೆ ಕಪ್ಪಗಿದೆ, ಬರೀ ಬಿಳೀ ಅಕ್ಷರ ಬರ್ತಾ ಇದೆ. ಈಗ್ತಾನೆ ಆಯ್ತು. ಅವರಿಬ್ರಿಗೂ ಹೇಳಿದೀನಿ."

ನಾನು ಎದ್ದು ಶರ್ಟು ಹುಡುಕಿದ ರಭಸಕ್ಕೆ ನನ್ನ ಹೆಂಡತಿ ಅಂದಳು, "ಇನ್ನೊಬ್ರುದ್ದು ಕೆಟ್ಟೋಯ್ತು ಅಂದ್ರೆ ಇಷ್ಟ್ ಖುಷಿ ಪಡೋರ್ನ ನಾನೆಲ್ಲೂ ನೋಡಿಲ್ಲಪ್ಪ."

ಪ್ರೆಸ್ಸಿನವರೂ ನಾನೂ ಬಸ್ಸಿನಲ್ಲಿ ತಳಿಗೆ ಹೋದೆವು. ಹೂವಿನವನು ಜವಳಗಿರಿಯಿಂದ ಬೈಕಿನಲ್ಲಿ ನಮಗಿಂತ ಮುಂಚೆ ಬಂದಿದ್ದ. ಮೇಷ್ಟ್ರು ಕೀಬೋರ್ಡ್ ಮುಂದೆ ಕೂತರು. ನಾವು ಮೂವರೂ ಹೇಳಿಸಿಕೊಳ್ಳದೆ ಕೈ ಹಿಂದೆ ಕಟ್ಟಿ ಅವರ ಕುರ್ಚಿ ಹಿಂದೆ ನಿಂತೆವು. ಎಷ್ಟು ಕಾಲವಾಗಿತ್ತು. ಪ್ರೆಸ್ಸಿನವರು ಡಿಸ್ಕ್ ತುಂಬಿದೆ ಅಂದರು. ನಾನು ಪೂರ್ತಿ ಅಳಿಸಿ ಹಾಕೋಣ ಅಂದೆ. ಯಾವತ್ತೂ ಜಾಸ್ತಿ ಮಾತಾಡದ ಹೂವಿನವನು ಮಾತ್ರ ಅವತ್ತು ಹಟ ಹಿಡಿದ. "ಅಳಿಸೋದ್ ಬ್ಯಾಡ ಅಣ್ಣ, ಇದು ಸಣ್ಣ ಕಾಯ್ಲೆ. ಒಂದೊಂದೇ ನೋಡಾನ, ಅರ್ಜೆಂಟೇನು?" ಹೀಗೇ ವಾದ ಮಾಡುತ್ತಾ ಹನ್ನೊಂದೂವರೆ ಆಯಿತು.

ಮಾತಾಡಿ ಮಾತಾಡಿ ಗಂಟಲೊಣಗಿ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಮೇಷ್ಟ್ರ ಹೆಂಡತಿ ಒಲೆ ಮುಂದಿದ್ದರು. ಪಕ್ಕದಲ್ಲಿ ದೊಡ್ಡ ಪಾತ್ರೆಯ ತುಂಬ ಹಿತ್ಕಿದ ಬೇಳೆ. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಅವರೆಕಾಳನ್ನು ಗಂಟೆಗಟ್ಟಲೆ ನೆನೆಹಾಕಿ, ಒಂದೊಂದೇ ಕಾಳನ್ನು ಬೆರಳಲ್ಲಿ ಹಿಸುಕಿ ಸಿಪ್ಪೆ ತೆಗೆದರೆ ಅದು ಆಗುವುದು. ಕಂಪ್ಯೂಟರ್ ಕೆಟ್ಟಷ್ಟು ಬೇಗ ಆಗುವಂಥದ್ದಲ್ಲ.

"ಇಷ್ಟೊಂದು ಯಾವಾಗ ಹಿಸುಕಿದ್ರಮ್ಮ?" ಅಂದೆ.

"ನೆನ್ನೆ ಬೆಳಗ್ಗೇನೇ ನೆನೆಹಾಕಿದ್ದೆ ಕಣಪ್ಪ. ಸಂಜೆ ಇಬ್ರೂ ಕೂತ್ಕಂಡು ಹಿಸುಕಿದ್ವಿ. ನಾಳೆ ನೀವ್ ಮೂರ್ ಜನ ಬತ್ತೀರ ಅಂದ್ರಲ್ಲ ಅವ್ರು."

"ಅಲ್ಲಮ್ಮ, ಕಂಪ್ಯೂಟರ್ ಕೆಟ್ಟಿದ್ದು ಇವತ್ ಬೆಳಿಗ್ಗೆ ಏಳಕ್ಕಲ್ವಾ?"

ಅವರು ಸೌಟು ಕೆಳಗಿಟ್ಟು ಸೆರಗು ಬಾಯಿಗೆ ಹಿಡಿದು ನಕ್ಕರು. "ಕೆಟ್ಟಿದ್ದೇನೋ ಏಳಕ್ಕೇ. ಕೆಡ್ಸಕ್ಕೆ ಬುಧವಾರದಿಂದ ಒದ್ದಾಡವ್ರೆ. ಅವ್ರು ಏನ್ ಕಿತ್ತಾಕಿದ್ರೂ ಅದು ತಿರ್ಗಾ ಸರಿಯಾಗ್ಬುಡ್ತಿತ್ತು. ಕೊನೆಗೆ ಆ ಹೂವಿನೋನ್ಗೆ ಫೋನ್ ಮಾಡಿ, ಹೆಂಗಪ್ಪ ಇದ್ನ ಕೆಡ್ಸೋದು ಅಂತ ಕೇಳ್ಕಂಡ್ರು."

ನೀರಿನ ಲೋಟ ಹಿಡಿದೇ ರೂಮಿಗೆ ಬಂದೆ. ಮೇಷ್ಟ್ರ ಪ್ರೀತಿಗೆ ನನ್ನ ಕರುಳು ಚುರುಕ್ ಎನ್ನಬೇಕಿತ್ತು. ಅಂದಿತು ಕೂಡ, ಆದರೆ ಸ್ವಲ್ಪ ಆಮೇಲೆ. ಮೊದಲು ಬಂದದ್ದು ಸಿಟ್ಟು. ಹದಿನೈದು ವರ್ಷದಿಂದ ಕೆಡಿಸುವುದರಲ್ಲಿ ನನ್ನ ಸಮ ಯಾರೂ ಇಲ್ಲ ಅಂತ ಆಡಿಕೊಂಡವರು ಇವರೇ. ಆ ವಿದ್ಯೆ ಬೇಕಾದ ಒಂದೇ ಒಂದು ದಿನ ನನಗೆ ಫೋನ್ ಬರಲಿಲ್ಲ.

"ಮೇಷ್ಟ್ರೆ, ಕೆಡ್ಸೋ ಕೆಲ್ಸಕ್ಕೆ ನನ್ ಬಿಟ್ಟು ಇವನ್ನ ಕೇಳಿದ್ರಾ?" ಅಂದೆ.

ಹೂವಿನವನು ಕೈ ಹಿಂದೆ ಕಟ್ಟಿಕೊಂಡೇ ಮೇಲೆ ತಿರುಗುತ್ತಿದ್ದ ಫ್ಯಾನು ನೋಡತೊಡಗಿದ. ಏನೂ ಗೊತ್ತಿಲ್ಲದ ಪ್ರೆಸ್ಸಿನವರು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. ಮೇಷ್ಟ್ರು ಕೀಬೋರ್ಡಿನಿಂದ ಕೈ ತೆಗೆದು, ಕನ್ನಡಕ ಒರೆಸಿ ಹಾಕಿಕೊಂಡು, ನಿಧಾನವಾಗಿ ನನ್ನ ಕಡೆ ತಿರುಗಿದರು.

"ನಿನ್ನ ಕೇಳಿದ್ರೆ ನಿಜವಾಗ್ಲೂ ಕೆಟ್ಟೋಗ್ತಿತ್ತು ಕಣಯ್ಯ. ನಂಗೆ ಬೇಕಾಗಿದ್ದು ಸಂಜೆ ನಿಮ್ ಬಸ್ಸಿನೊತ್ತಿಗೆ ಸರಿಹೋಗೋವಷ್ಟು ಕೆಡೋದು."