ಫ್ಲೆಕ್ಸ್ ಏರಿದ ಗೊಲ್ಲಾಳಪ್ಪ

ಬಾಲಾನಗರದ ಫ್ಯಾಕ್ಟರಿ ಗೇಟಿನೆದುರು ಜೋಳದ ರೊಟ್ಟಿ ಅಂಗಡಿ ಇಟ್ಟಿದ್ದ ಗೊಲ್ಲಾಳಪ್ಪನಿಗೆ ಒಂದೇ ಕೊರಗು. ದಾರಿಹೋಕರೆಲ್ಲ ಪಕ್ಕದ ಬಿರಿಯಾನಿಯನ್ನೇ ನೋಡುತ್ತಿದ್ದರು, ಇವನತ್ತ ಒಬ್ಬರೂ ತಿರುಗುತ್ತಿರಲಿಲ್ಲ. ಅಂದು ಮಧ್ಯಾಹ್ನ ಫ್ಯಾಕ್ಟರಿ ಕ್ಯಾಂಟೀನಿನ ಸುಬ್ಬರಾಯರು ಅಂಗಡಿ ನೋಡಲು ಬರುವವರಿದ್ದರು. ಫೋನಿನಲ್ಲಷ್ಟೇ ಪರಿಚಯ. ಅವರಿಗೆ ಹಿಡಿಸಿದರೆ ದಿನವೂ ಕ್ಯಾಂಟೀನಿಗೆ ರೊಟ್ಟಿ ಕಳಿಸುವ ಆರ್ಡರ್. ಇಲ್ಲವಾದರೆ ಗಂಟುಮೂಟೆ ಕಟ್ಟಿಕೊಂಡು ಶಹಾಪುರಕ್ಕೆ ವಾಪಸ್.

“ಯಾರೂ ಮಾಡದ್ದು ಏನರ ಮಾಡಬೇಕು. ಮಂದಿ ನಿಂತು ನೋಡಬೇಕು,” ಎಂದು ಹೆಂಡತಿ ರೇಣುಕಾಗೆ ಹೇಳಿದವನೇ ತನ್ನ ಮೀಸೆಯ ಫೋಟೋದ ಆಳೆತ್ತರದ ಫ್ಲೆಕ್ಸ್ ತಂದು ನಿಲ್ಲಿಸಿದ. ಅದರಲ್ಲಿ ಮುಖ ಬಿಟ್ಟರೆ ಒಂದಕ್ಷರವಿಲ್ಲ. ಯಾರಿವನು ಎಂದು ಜನ ತಲೆ ಕೆಡಿಸಿಕೊಳ್ಳಲಿ ಎಂಬುದು ಅವನ ಐಡಿಯಾ. ಶುಭವಾಗಲೆಂದು ಚೆಂಡುಹೂವಿನ ಹಾರ ಹಾಕಿ, ಊದಿನಕಡ್ಡಿ ಹಚ್ಚಿ, ಇವತ್ತು ಊಟ ಪುಕ್ಕಟೆ ಎಂದು ಕೂಗಿದ. ವ್ಯಾಪಾರ ಕುದುರಲೆಂದು ಆಗಷ್ಟೇ ಯಾದಗಿರಿಗುಟ್ಟದ ದೇವಸ್ಥಾನದಲ್ಲಿ ಮುಡಿ ಕೊಟ್ಟು ಬಂದಿದ್ದರಿಂದ ಅವನ ತಲೆ, ಮೀಸೆ ಎರಡೂ ಸಪಾಟಾಗಿದ್ದವು.

ಜನ ಬಂದರು. ಚಪ್ಪಲಿ ಬಿಟ್ಟು, ಫ್ಲೆಕ್ಸಿಗೆ ಕೈಮುಗಿದು, ತಲೆ ತಗ್ಗಿಸಿ ಉಂಡರು. ರೊಟ್ಟಿಯ ಮೇಲೆ ಇಷ್ಟು ಭಕ್ತಿಯೇ ಎಂದು ಗೊಲ್ಲಾಳಪ್ಪ ಉಬ್ಬಿದ. ಆದರೆ ಯಾರೂ ನಗುತ್ತಿರಲಿಲ್ಲ. ಇವನನ್ನು ಓರೆಗಣ್ಣಿನಿಂದ ನೋಡಿ ಪಿಸುಗುಡುತ್ತಿದ್ದರು.

ಓಣಿಗೆ ಹೊಸಬಳಾದ ಗುಂಡಮ್ಮ ರೇಣುಕಾಳ ಕೈ ಹಿಡಿದಳು. “ಇಷ್ಟ್ ಸಣ್ಣ ವಯಸ್ಸಿನಾಗ ಹಿಂಗಾಗಬಾರದಿತ್ತವ್ವಾ. ಏನಾಗಿತ್ತು?”

“ಯಾರಿಗೆ?”

“ನಿನ್ನ ಗಂಡಗ!” ಗುಂಡಮ್ಮ ಫ್ಲೆಕ್ಸ್ ತೋರಿಸಿದಳು. “ಮೈದುನ ತಲಿ ಬೋಳಿಸ್ಕೊಂಡು ತಿಥಿ ಊಟ ಹಾಕಾಕತ್ತಾನ, ಖರೇ. ಆದ್ರ ಅವನ ಕಣ್ಣು ನನಗ್ಯಾಕೋ ಸರಿ ಕಾಣವಲ್ದು. ಬರೇ ನಿನ್ನ ಕಡೀಗೇ ನೋಡಾಕತ್ತಾನ. ಭಾಳ ಹುಷಾರಿರು!”

ಗೊಲ್ಲಾಳಪ್ಪ ಓಡಿಬಂದ. “ಏ ಯವ್ವಾ, ನಾನೇ ಇಕಿ ಗಂಡ!”

“ಕೇಳಿದ್ರೇನ್ರಿ?” ಗುಂಡಮ್ಮ ಜನರತ್ತ ತಿರುಗಿದಳು. “ಅಣ್ಣನ ಚಿತಿ ಆರಿಲ್ಲ, ಆಗಲೇ ತಾನೇ ಗಂಡ ಅನ್ನಾಕತ್ತಾನ!”

ಯಾರೋ ಕಾಲರ್ ಹಿಡಿದರು. ಇನ್ನೊಬ್ಬರು ಪೊಲೀಸರನ್ನು ಕರೆಯಲು ಫೋನ್ ತೆಗೆದರು. ಅಷ್ಟರಲ್ಲಿ ಸುಬ್ಬರಾಯರು ಬಂದರು. ಹಾರ ನೋಡಿ ಲೊಚಗುಟ್ಟಿದರು, ರೊಟ್ಟಿ ತಿಂದು ಕಣ್ಣರಳಿಸಿದರು.

“ಎಂಥ ರೊಟ್ಟಿ ಕಣಮ್ಮ! ಗಂಡನ್ನ ಕಳ್ಕೊಂಡೋರಿಗೇ ಆರ್ಡರ್ ಕೊಡಬೇಕು ಅಂತ ನಮ್ಮ ಸಾಹೇಬ್ರು ಇವತ್ತು ಬೆಳಿಗ್ಗೆ ತಾನೇ ಹೇಳಿದ್ದಾರೆ. ನಿಮ್ಮದೇ ಅಂತ ಇಟ್ಕೊಳ್ಳಿ.”

“ಸಾರ್, ನಾ ಸತ್ತಿಲ್ರಿ...” ಎನ್ನುವಷ್ಟರಲ್ಲಿ ರೇಣುಕಾ ಅವನ ಕಾಲನ್ನು ಬಲವಾಗಿ ತುಳಿದಳು.

“ನಾಳೆ ನಿಮ್ಮ ಯಜಮಾನ್ರ ಡೆತ್ ಸರ್ಟಿಫಿಕೇಟ್ ತಂದುಕೊಡಿ, ಸಾಕು,” ಎಂದರು ಸುಬ್ಬರಾಯರು.

ರೇಣುಕಾ ಸೆರಗಿನಿಂದ ಕಣ್ಣೊರೆಸಿಕೊಂಡಳು. “ತರ್ತೀನ್ರಿ.”

ಅಂಗಡಿ ಖಾಲಿಯಾದ ಮೇಲೆ ಅವಳು ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಹಾಗೆ ಅವಳು ಎಂದೂ ನೋಡಿದವಳಲ್ಲ. ನಂತರ ಎಂದಿಲ್ಲದ ಅಕ್ಕರೆಯಿಂದ ತಾಟಿಗೆ ರೊಟ್ಟಿ ಬಡಿಸಿ ಮುಂದಿಟ್ಟಳು.

“ಮುಂಜಾನಿಂದ ಏನೂ ಉಂಡಿಲ್ಲ ನೀವು. ತಿನ್ರಿ.”

ಗೊಲ್ಲಾಳಪ್ಪ ತಾಟನ್ನು ಮೆಲ್ಲಗೆ ಅವಳತ್ತ ಸರಿಸಿದ.

“ಮೊದಲ ನೀ ಒಂದ್ ತುತ್ತು ತಿನ್ನು.”