ಬಂಡ್ಯಾನ ಕಾಲು, ನನ್ನ ಕಾಲು

ನಮ್ಮ ಮನೆಯಲ್ಲಿ ಹರಕೆ ಹೊರುವವರು ಒಬ್ಬರು, ತೀರಿಸುವವರು ಇನ್ನೊಬ್ಬರು. ಹೊರುವವಳು ನನ್ನ ಹೆಂಡತಿ ಶೋಭಾ. ತೀರಿಸುವವನು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಮಗಳ ಮದುವೆ ಕೂಡಿಬರಲೆಂದು ವರ್ಷಗಟ್ಟಲೆ ನನಗೆ ಬದನೆಕಾಯಿ ತಿನ್ನುವುದನ್ನೇ ಬಿಡಿಸಿದಳು. ತನ್ನ ಸೊಂಟನೋವು ಹೋಗಲೆಂದು ನನ್ನ ತಲೆ ಬೋಳಿಸಿದಳು. ಸೊಂಟನೋವು ಹೋಯಿತು, ಕೂದಲು ಮಾತ್ರ ಮೊದಲಿನಷ್ಟು ಬರಲಿಲ್ಲ. ದೇವರಿಗೂ ಈ ವ್ಯವಹಾರ ರೂಢಿಯಾಗಿರಬೇಕು, ಇದುವರೆಗೆ ತಕರಾರು ಬಂದಿಲ್ಲ. ಹೀಗಾಗಿ ನಮ್ಮ ನಾಯಿ ಬಂಡ್ಯಾ ನೆಲ ಹಿಡಿದಾಗ ಅವಳು ಅಕ್ಕಲಕೋಟದ ದಿಕ್ಕಿಗೆ ಕೈಮುಗಿದು, "ಸ್ವಾಮಿ, ಬಂಡ್ಯಾ ತನ್ನ ಕಾಲ ಮ್ಯಾಲ ತಾನ ಎದ್ದು ನಿಂತ್ರ, ನಮ್ಮ ಮನಿಯವ್ರು ಸೊಲ್ಲಾಪುರದಿಂದ ನಡಕೋತ ನಿನ್ನ ದರ್ಶನಕ್ಕ ಬರ್ತಾರ" ಎಂದು ಬೇಡಿಕೊಂಡದ್ದು ನನಗೆ ಆಶ್ಚರ್ಯವೆನಿಸಲಿಲ್ಲ. ಕಾಲು ಮಾತ್ರ ಆಗಿನಿಂದಲೇ ನೋಯತೊಡಗಿತು.

ಬಂಡ್ಯಾ ಚಪಳಗಾಂವದವನು. ಶೋಭಾಳ ತವರಿನ ಹೊಲದಿಂದ ಅವನನ್ನು ಟವೆಲಿನಲ್ಲಿ ಸುತ್ತಿ, ಕಂಡಕ್ಟರನಿಗೆ ಕಾಣದಂತೆ ಮಡಿಲಲ್ಲಿಟ್ಟುಕೊಂಡು ತಂದಿದ್ದೆವು. ಸೊಲ್ಲಾಪುರದ ವಿಜಾಪುರ ರಸ್ತೆಯ ನಮ್ಮ ಓಣಿಯಲ್ಲಿ ಹನ್ನೆರಡು ವರ್ಷ ಬೊಗಳಿದ. ಕಚ್ಚಿದ್ದು ಯಾರನ್ನೂ ಇಲ್ಲ; ಕಚ್ಚುವ ಕೆಲಸ ಮನೆಯವರದೆಂದು ತಿಳಿದಿದ್ದನೇನೋ. ಈ ಸಲದ ಬೇಸಿಗೆಯಲ್ಲಿ ಊಟ ಬಿಟ್ಟ, ಆಮೇಲೆ ಏಳುವುದನ್ನೇ ಬಿಟ್ಟ. ರಕ್ತ ತಪಾಸಣೆ ಮಾಡಿಸಿದ ಡಾಕ್ಟರರು ಎರಡೂ ಕಿಡ್ನಿ ಸೋತಿವೆ ಎಂದು ಮರಾಠಿಯಲ್ಲಿ ಹೇಳಿ, ನನ್ನ ಮುಖ ನೋಡಿ, "ಬಘೂಯಾ, ಕಾಕಾ" ಎಂದರು. ನೋಡೋಣ ಎನ್ನುವ ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಮನೆಗೆ ಬಂದೆವು.

ಬಂದ ಮೇಲೆ ನಮ್ಮ ಮನೆ ದವಾಖಾನೆಯಾಯಿತು. ಸಲಾಯಿನ್ ಬಾಟಲಿ ತೂಗುಹಾಕಲು ಗಟ್ಟಿ ಮೊಳೆ ಇದ್ದದ್ದು ಗೋಡೆ ಗಡಿಯಾರಕ್ಕೆ ಮಾತ್ರ. ಗಡಿಯಾರ ನೆಲಕ್ಕಿಳಿಯಿತು, ವೇಳೆ ನೋಡಬೇಕಾದವರು ಬಗ್ಗಿ ನೋಡಬೇಕು. ಮೊಟ್ಟೆಯ ಬಿಳಿ ಭಾಗ ಕೊಡಿರಿ ಎಂದಿದ್ದರು ಡಾಕ್ಟರರು. ಏಳು ತಲೆಮಾರಿನಲ್ಲಿ ಮೊಟ್ಟೆ ಹೊಸ್ತಿಲು ದಾಟದ ಮನೆ ನಮ್ಮದು. ಶೋಭಾ ಬಹಳ ವಿಚಾರ ಮಾಡಿ, ಮನೆಯ ಮೇಲಿನ ಗಚ್ಚಿ ಹೊಸ್ತಿಲಿನ ಲೆಕ್ಕಕ್ಕೆ ಬರುವುದಿಲ್ಲವೆಂದು ತೀರ್ಪು ಕೊಟ್ಟಳು. ಅಂದಿನಿಂದ ದಿನಾ ಬೆಳಿಗ್ಗೆ ಗಚ್ಚಿಯ ಮೇಲೆ ಒಲೆ ಹೊತ್ತಿಸಿ ಮೊಟ್ಟೆ ಬೇಯಿಸಿ, ಬಂಡ್ಯಾನನ್ನು ಅಲ್ಲಿಗೇ ಎತ್ತಿಕೊಂಡು ಹೋಗಿ ತಿನಿಸಿ, ಅಲ್ಲೇ ಸ್ನಾನ ಮಾಡಿ ಕೆಳಗಿಳಿಯುವುದು ನನ್ನ ಪಾಲಿಗೆ ಬಂತು. ಉಪ್ಪು ಅವನಿಗೆ ವಿಷವೆಂದು ಹೇಳಿದ್ದರಿಂದ, ಶೇಂಗಾ ಚಟ್ನಿ ಭಕ್ರಿ ಅವನ ಕಣ್ಣೆದುರು ತಿನ್ನಬಾರದೆಂದು ನಾವಿಬ್ಬರೂ ಬಚ್ಚಲ ಹತ್ತಿರ ನಿಂತು ಉಣ್ಣುತ್ತಿದ್ದೆವು. ಪೇಢೆಯೊಳಗೆ ಗುಳಿಗೆ ಹುದುಗಿಸಿ ಕೊಟ್ಟರೆ ಪೇಢೆಯನ್ನು ನುಂಗಿ ಗುಳಿಗೆಯನ್ನು ನನ್ನ ಅಂಗೈಗೇ ಮರಳಿಸುತ್ತಿದ್ದ. ಹೊರಗೆ ಎತ್ತಿಕೊಂಡು ಹೋಗಬೇಕು, ಒರೆಸಬೇಕು, ಮಗ್ಗುಲು ಬದಲಿಸಬೇಕು. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತಿಕೆ ಮಾಡುವ ನಾನು ಟೇಬಲ್ಲಿನ ಮೇಲೆಯೇ ತೂಕಡಿಸುತ್ತಿದ್ದೆ. ಒಮ್ಮೊಮ್ಮೆ ಇದು ಬೇಗ ಮುಗಿದರೆ ಸಾಕು ಎನಿಸುತ್ತಿತ್ತು. ಹಾಗೆ ಎನಿಸಿದ ದಿನ ಅವನ ಮುಖ ನೋಡಲು ನಾಚಿಕೆಯಾಗುತ್ತಿತ್ತು. ಅವನೋ, ಬಾಲದ ತುದಿಯೊಂದನ್ನೇ ಅಲ್ಲಾಡಿಸಿ ನನ್ನನ್ನು ನೋಡುತ್ತಿದ್ದ.

ಇಂಥದೇ ಒಂದು ದಿನ ನನ್ನ ಗುಮಾಸ್ತ ಬುದ್ಧಿಗೆ ಒಂದು ಯುಕ್ತಿ ಹೊಳೆಯಿತು. ಆಫೀಸಿನಲ್ಲಿ ಕಾಗದ ಮುಂದೆ ಸರಿಯಬೇಕಾದರೆ ಜನ ಮೊದಲೇ ಚಹಾ ಕುಡಿಸುತ್ತಾರೆ, ಆದ ಮೇಲೆ ಅಲ್ಲ. ಬಂಡ್ಯಾ ನಿಲ್ಲುವ ಮೊದಲೇ ನಾನು ನಡೆದುಬಿಟ್ಟರೆ ಸ್ವಾಮಿಗೆ ಮುಜುಗರವಾಗಿಯಾದರೂ ಕೆಲಸ ಆದೀತು. ಗುರುವಾರ ರಜೆ ಹಾಕಿ ನಸುಕಿನಲ್ಲೇ ಚಪ್ಪಲಿ ಮೆಟ್ಟಿದೆ. "ಅವ ಇನ್ನಾ ನಿಂತಿಲ್ಲ, ಈಗ ಯಾಕ ಹೊಂಟೀರಿ?" ಎಂದಳು ಶೋಭಾ. "ಹಂಗ ಒಂದಿಷ್ಟು ಅಡ್ಡಾಡಿ ಬರ್ತೀನಿ" ಎಂದೆ. ಅಡ್ಡಾಡಲು ಯಾರೂ ಸುಮಾರು ನಲವತ್ತು ಕಿಲೋಮೀಟರು ದೂರದ ಅಕ್ಕಲಕೋಟದವರೆಗೆ ಹೋಗುವುದಿಲ್ಲವೆಂದು ಅವಳಿಗೂ ಗೊತ್ತು. ಭಕ್ರಿ ಕಟ್ಟಿಕೊಟ್ಟಳು.

ದಾರಿಯಲ್ಲಿ ಪಾದಯಾತ್ರೆ ಹೊರಟ ಒಬ್ಬ ಅಜ್ಜ ಜೊತೆಯಾದ. ನಾನು ಕುಂಟುವುದನ್ನು ನೋಡಿ, "ಯಾರಿಗಿ ಆರಾಮಿಲ್ರಿ ಮನ್ಯಾಗ?" ಎಂದು ಕೇಳಿದ. ನಾಯಿಗೆ ಎನ್ನಲು ನಾಲಿಗೆ ಹೊರಳಲಿಲ್ಲ. "ಸಣ್ಣವಗ" ಎಂದೆ. "ಏನಾಗೈತಿ?" "ಕಿಡ್ನಿ." "ವಯಸ್ಸೆಷ್ಟು?" "ಹನ್ನೆರಡು." ಅಜ್ಜ ಅಲ್ಲೇ ನಿಂತುಬಿಟ್ಟ. ಕಣ್ಣು ಒರೆಸಿಕೊಂಡು, "ನಂದೂ ಒಂದ ನಮಸ್ಕಾರ ಅವನ ಹೆಸರಲೆ ಹಾಕ್ತೀನಿ, ಹೆಸರೇನ್ರಿ?" ಎಂದ. ಬಂಡ್ಯಾ ಎಂದು ಹೇಳಿ ತಲೆ ತಗ್ಗಿಸಿದೆ. ಗುಡಿಯಲ್ಲಿ ಆತ ನಿಜವಾಗಿಯೂ ದೀರ್ಘದಂಡ ಹಾಕಿದ. ನನಗೆ ಬಗ್ಗಲಾಗಲಿಲ್ಲ, ನಿಂತೇ ಕೈ ಮುಗಿದೆ.

ಬಸ್ಸಿನಲ್ಲಿ ಮರಳಿ, ಸಂಜೆ ಮನೆ ಸೇರಿ, ಬಂಡ್ಯಾನ ಪಕ್ಕದ ಕುರ್ಚಿಯಲ್ಲಿ ಕುಸಿದು ಚಪ್ಪಲಿ ಕಳಚಿದೆ. ದಿನವಿಡೀ ಬೆವರಿ ಬೆಳ್ಳಗೆ ಉಪ್ಪುಗಟ್ಟಿದ ಕಾಲುಗಳು. ಬಂಡ್ಯಾನ ಮೂಗು ಅಲ್ಲಾಡಿತು. ಕುತ್ತಿಗೆ ಎತ್ತಿದ. ಮುಂಗಾಲು ಊರಿದ, ಜಾರಿದ, ಮತ್ತೆ ಊರಿದ. ಆಮೇಲೆ ಹಿಂಗಾಲುಗಳನ್ನು ಎಳೆದುಕೊಂಡು, ನಡುಗುತ್ತ, ಎದ್ದು ನಿಂತ. ನಿಂತವನೇ ನನ್ನ ಪಾದ ನೆಕ್ಕತೊಡಗಿದ. ಉಪ್ಪು ಕೂಡದೆಂದು ಕಾಲು ಹಿಂತೆಗೆಯಬೇಕಾಗಿತ್ತು. ನನ್ನಿಂದ ಆಗಲಿಲ್ಲ. ಒಳಗಿನಿಂದ ಬಂದ ಶೋಭಾ ಬಾಗಿಲಲ್ಲೇ ನಿಂತು, "ಏನ್ರಿ, ನಿಂತಾನ್ರಿ" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ನನ್ನ ಕಣ್ಣೂ ತುಂಬಿ ಬಂತು.

"ನೋಡು, ಹರಕಿ ತೀರಿತು" ಎಂದೆ.

"ಹ್ಯಾಂಗ ತೀರತೈತಿ? ಅವ ನಿಂತ ಮ್ಯಾಲ ನೀವು ನಡೀಬೇಕಂತ ಬೇಡ್ಕೊಂಡೀನಿ. ಇವತ್ತ ನಡದದ್ದು ನಿಮ್ಮ ಖುಷಿಗಿ, ನಿಮ್ಮ ಹೌಸಿಗಿ. ಹರಕಿದು ಇನ್ನಾ ಹಂಗ ಐತಿ."

ಮರುದಿನ ಅವನನ್ನು ರಿಕ್ಷಾದಲ್ಲಿ ಡಾಕ್ಟರರಲ್ಲಿಗೆ ಒಯ್ದೆವು. ತಪಾಸಣೆಯಾದ ಮೇಲೆ ಶೋಭಾ ಅವನನ್ನು ಎತ್ತಿಕೊಂಡು ಹೊರಗೆ ಹೋದಳು. ಡಾಕ್ಟರರು ನನ್ನನ್ನು ನಿಲ್ಲಿಸಿ, ನಿಂತ ಮಾತ್ರಕ್ಕೆ ಗುಣವಾದಂತಲ್ಲ, ಜೀವ ಹೋಗುವ ಮುಂಚೆ ಕೆಲವು ನಾಯಿಗಳು ಒಮ್ಮೆ ಹೀಗೆ ಎದ್ದು ನಿಲ್ಲುತ್ತವೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದರು.

ರಿಕ್ಷಾದಲ್ಲಿ ಬಂಡ್ಯಾ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. "ಏನಂದ್ರು?" ಎಂದಳು. ನಿಜ ಹೇಳಿದ್ದರೆ, ಅವನು ನಿಂತದ್ದು ಗುಣವಾಗಿ ಅಲ್ಲವೆಂದು ಅಲ್ಲಿಗೇ ಹರಕೆ ರದ್ದು. ಬೊಬ್ಬೆ ಎದ್ದ ಈ ಕಾಲಿಗೆ ಮತ್ತೆ ಅಕ್ಕಲಕೋಟದವರೆಗೆ ನಡೆಯುವುದು ತಪ್ಪುತ್ತಿತ್ತು. ಹುಟ್ಟಿದಾಗಿನಿಂದ ಪ್ರತಿಯೊಂದು ಕೆಲಸಕ್ಕೂ ನೆಪ ಹುಡುಕಿಕೊಂಡು ಬಂದವನು ನಾನು. ಇಷ್ಟು ಗಟ್ಟಿಯಾದ ನೆಪ ಹಿಂದೆಂದೂ ಕೈಗೆ ಸಿಕ್ಕಿರಲಿಲ್ಲ.

"ಛಲೋ ಆಗಾಕತ್ತಾನ ಅಂದ್ರು" ಎಂದೆ. ಆಮೇಲೆ ರಿಕ್ಷಾದವನ ಹೆಗಲು ತಟ್ಟಿ, ಮೆತ್ತನೆಯ ಬೂಟು ಸಿಗುವ ಅಂಗಡಿಯ ಕಡೆ ತಿರುಗಿಸಲು ಹೇಳಿದೆ.